ಒಡೆದ ಕನ್ನಡಿಯ ಮಹಾರಾಣಿ

ಹಳೆಯ ಅರಮನೆಯ ಗೈಡಿಗೆ ಬಾಯೇ ಬಂಡವಾಳ. ಮೈಕು ಕೆಟ್ಟ ದಿನವೂ ಅವನ ದನಿ ಹೊರಗಿನ ತಾಳೆಮರಗಳವರೆಗೆ ಕೇಳುತ್ತಿದ್ದುದರಿಂದ ಟಿಕೆಟ್ ಕೌಂಟರಿನವಳು ಅವನಿಗೆ ಮೈಕಾಸುರ ಎಂದೇ ಹೆಸರಿಟ್ಟಿದ್ದಳು. ರಾಜಧಾನಿ ನೋಡಲು ಬಂದವರು ವಸ್ತುಸಂಗ್ರಹಾಲಯ ಬಿಟ್ಟರೂ ಬಿಟ್ಟಾರು, ಕೆರೆಯ ದೋಣಿವಿಹಾರ ಬಿಟ್ಟರೂ ಬಿಟ್ಟಾರು, ಅರಮನೆಯ ಒಡೆದ ಕನ್ನಡಿಯನ್ನು ಮಾತ್ರ ಬಿಡುತ್ತಿರಲಿಲ್ಲ. ಕನ್ನಡಿಯಲ್ಲೇನೂ ಹೆಚ್ಚುಗಾರಿಕೆ ಇರಲಿಲ್ಲ ಬಿಡಿ. ಆಳೆತ್ತರದ ಗಾಜು, ಮೂಲೆಯಿಂದ ಮೂಲೆಗೆ ಒಂದು ಬಿರುಕು. ಜನ ಬರುತ್ತಿದ್ದುದು ಮೈಕಾಸುರ ಹೇಳುವ ಕಥೆಗೆ.

ಆ ಕಥೆ ಹುಟ್ಟಿದ್ದು ಅರಮನೆಯಲ್ಲಲ್ಲ, ಅವನ ಬಾಡಿಗೆ ಮನೆಯಲ್ಲಿ. ಇಪ್ಪತ್ತೆಂಟು ವರ್ಷದ ಹಿಂದೆ, ಮದುವೆಯಾದ ಹೊಸದರಲ್ಲಿ, "ನಾಳೆ ಮೂರು ಗಂಟೆಗೆ ರೆಡಿಯಾಗಿರು, ಅರಮನೆ ತೋರಿಸ್ತೀನಿ" ಎಂದು ಹೆಂಡತಿಗೆ ಹೇಳಿದ್ದ. ಅವಳು ಇದ್ದುದರಲ್ಲೇ ಒಳ್ಳೆಯ ಬಟ್ಟೆ ಹಾಕಿ, ತಲೆ ಬಾಚಿಕೊಂಡು, ಮೂರರಿಂದ ಏಳರವರೆಗೆ ಬಾಗಿಲಲ್ಲಿ ಕೂತಳು. ಈ ಮಹಾನುಭಾವ ಗೆಳೆಯರ ಜೊತೆ ಹರಟೆ ಹೊಡೆದು ಬಂದು, "ಅಯ್ಯೋ, ಮರೆತೇಹೋಯ್ತು ಕಣೇ" ಎಂದು ಹಲ್ಲು ಕಿರಿದ. ಬಾಚಣಿಗೆ ರೊಯ್ಯನೆ ಹೋಗಿ ಗೋಡೆಯ ಕನ್ನಡಿಗೆ ಬಡಿಯಿತು.

ಮರುದಿನ ಯಾರೋ ಪ್ರವಾಸಿಗರು ಅರಮನೆಯ ಕನ್ನಡಿ ಹೇಗೆ ಒಡೆಯಿತೆಂದು ಕೇಳಿದರು. ಯಾವ ದಾಖಲೆಯಲ್ಲೂ ಇರದ ಸಂಗತಿ ಅದು. ಇವನು ಹಿಂದುಮುಂದು ನೋಡದೆ, "ರಾಜ ಬೇಟೆಯಿಂದ ತಡವಾಗಿ ಬಂದ, ರಾಣಿ ಬಾಚಣಿಗೆ ಬೀಸಿದಳು" ಎಂದುಬಿಟ್ಟ. ಜನ ಬಿದ್ದು ಬಿದ್ದು ನಕ್ಕರು. ಆಮೇಲೆ ಕೇಳಬೇಕೆ? ವರ್ಷ ವರ್ಷ ಉಪ್ಪುಖಾರ ಸೇರಿ ರಾಣಿ ಶುದ್ಧ ಗಯ್ಯಾಳಿಯಾದಳು, ರಾಜ ಪಾಪದ ಪ್ರಾಣಿಯಾದ. ಕೊನೆಗೆ ರಾಣಿಗೆ ಬುದ್ಧಿ ಬಂದು ಅವಳು ರಾಜನ ಕಾಲಿಗೆ ಬೀಳುತ್ತಿದ್ದಳು.

ಮನೆಯಲ್ಲಿ ಮಾತ್ರ ಯಾರೂ ಯಾರ ಕಾಲಿಗೂ ಬೀಳಲಿಲ್ಲ. "ನೀವಾಗಿ ಕರೆಯೋವರೆಗೂ ನಾನು ಆ ಕಡೆ ತಲೆ ಹಾಕಲ್ಲ" ಎಂದಿದ್ದಳು ಹೆಂಡತಿ. ಇವನು ಮೊದಲು ನಾಚಿಕೆಗೆ ಕರೆಯಲಿಲ್ಲ, ಆಮೇಲೆ ಕಥೆಯ ಭಯಕ್ಕೆ ಕರೆಯಲಿಲ್ಲ. ಊರಿಗೆಲ್ಲ ಅರಮನೆ ತೋರಿಸಿದವನ ಹೆಂಡತಿ ಅದರ ಹೆಬ್ಬಾಗಿಲನ್ನು ಬಸ್ಸಿನ ಕಿಟಕಿಯಿಂದಷ್ಟೇ ನೋಡಿದ್ದಳು.

ಹೀಗಿರುವಾಗ ಒಂದು ಬೆಳಗ್ಗೆ, ಹನ್ನೊಂದರ ಬಿಸಿಲಿಗೆ ಬೆವರುತ್ತಿದ್ದ ನಲವತ್ತು ಜನರನ್ನು ಕನ್ನಡಿಯ ಕೋಣೆಗೆ ತುಂಬಿಕೊಂಡು ಮೈಕಾಸುರ ಗಂಟಲು ಸರಿಮಾಡಿಕೊಂಡ. ಹಿಂದಿನಿಂದ ಯಾರೋ ಕೂಗಿದರು.

"ಭಾವಾ! ಇಲ್ಲಿ, ಇಲ್ಲಿ!"

ಪರವೂರಿನಿಂದ ನಿನ್ನೆಯಷ್ಟೇ ಬಂದಿದ್ದ ನಾದಿನಿ! ಕೈಯಲ್ಲಿ ನೋಡಬೇಕಾದ ಜಾಗಗಳ ಮಾರುದ್ದದ ಪಟ್ಟಿ. ಪಕ್ಕದಲ್ಲಿ ಮಡಚಿದ ಛತ್ರಿ ಹಿಡಿದು ಅವನ ಹೆಂಡತಿ.

"ಅಕ್ಕ ಬರಲ್ಲ ಅಂತ ಒಂದೇ ಹಟ. ನಾನೇ ಎಳ್ಕೊಂಡು ಬಂದೆ!"

ಕಥೆ ಕೇಳಿದರೆ ಇವಳು ಹೊರಟೇ ಹೋಗುತ್ತಾಳೆ. ಹೋದರೆ ಈ ಜನ್ಮದಲ್ಲಿ ಇತ್ತ ಬರುವುದಿಲ್ಲ, ಕರೆಯುವ ಬಾಯಿ ತನಗೂ ಉಳಿಯುವುದಿಲ್ಲ. ಮೈಕಾಸುರನಿಗೆ ನಿಜವಾಗಿಯೂ ಭಯವಾಯಿತು.

"ಇದು ಕನ್ನಡಿ. ಒಡೆದಿದೆ. ಮುಂದೆ ನಡೀರಿ."

"ಏನ್ರೀ ಇದು!" ಹುಲ್ಲಿನ ಟೋಪಿಯವನೊಬ್ಬ ಅಡ್ಡ ನಿಂತ. "ನಮ್ಮತ್ತೆ ಹೋದ ವರ್ಷ ಕೇಳಿ ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕಿದ್ರು. ಆ ಬಾಚಣಿಗೆ ಕಥೆ ಹೇಳಿ!"

ಬಾಚಣಿಗೆ ಎಂದ ಕೂಡಲೇ ಹೆಂಡತಿಯ ಹುಬ್ಬು ಮೇಲೇರಿತು. ಜನ "ಹೇಳಿ, ಹೇಳಿ" ಎಂದು ದುಂಬಾಲು ಬಿದ್ದರು. ವಿಧಿಯಿಲ್ಲದೆ ಅವನು ಶುರು ಮಾಡಿದ. ಜೀವಮಾನದಲ್ಲೇ ಮೊದಲ ಬಾರಿಗೆ ಅವನ ಮಾತು ಎರಡನೇ ಸಾಲಿನವರಿಗೆ ಕೇಳಿಸಲಿಲ್ಲ.

"ರಾಜ ಸ್ವಲ್ಪ ತಡವಾಗಿ ಬಂದ..."

"ಸ್ವಲ್ಪ ಅಂದ್ರೆ?" ಹೆಂಡತಿಯ ದನಿ.

"ನಾಲ್ಕು ಗಂಟೆ."

"ಎಲ್ಲಿಗೆ ಹೋಗಿದ್ದ?"

"ಬೇಟೆ..." ಎಂದವನು ಅವಳ ಮುಖ ನೋಡಿ ನಾಲಿಗೆ ಕಚ್ಚಿಕೊಂಡ. "ಅಲ್ಲ, ಗೆಳೆಯರ ಹತ್ರ ಹರಟೆಗೆ."

"ರಾಣಿಗೆ ಏನಂತ ಮಾತು ಕೊಟ್ಟಿದ್ದ?"

"ಅರಮನೆ ತೋರಿಸ್ತೀನಿ ಅಂದಿದ್ದ."

ಟೋಪಿಯವನು ಬಿಡುತ್ತಾನೆಯೇ? "ಅಲ್ಲ ಸ್ವಾಮಿ, ರಾಣಿ ಇದ್ದಿದ್ದೇ ಅರಮನೇಲಿ. ಅವಳಿಗೆ ಇನ್ನೇನು ತೋರಿಸ್ತಾನೆ ಮಣ್ಣು?"

ಕೋಣೆಯೆಲ್ಲ ಗೊಳ್ಳೆಂದಿತು. ಮೈಕಾಸುರ ತಬ್ಬಿಬ್ಬಾದ. ಕನ್ನಡಿಯಲ್ಲಿ ಬಿರುಕಿನ ಆಚೆ ಹೆಂಡತಿ, ಈಚೆ ತಾನು. ಅವಳ ತಲೆ ಬೆಳ್ಳಗಾಗಿದ್ದು ಅವನಿಗೆ ಅಲ್ಲೇ ಸರಿಯಾಗಿ ಕಂಡಿತು.

"ಇದ್ದಳು ಸ್ವಾಮಿ," ಎಂದ ಮೆಲ್ಲಗೆ. "ಆದ್ರೆ ಆ ದಡ್ಡ ರಾಜ ಅವಳಿಗೆ ಅಡುಗೆಮನೆ ಬಿಟ್ಟು ಏನೂ ತೋರಿಸಿರಲಿಲ್ಲ. ಊರವರಿಗೆಲ್ಲ ತೋರಿಸ್ತಿದ್ದ."

ನಗು ನಿಂತಿತು.

"ಆಮೇಲೆ ರಾಣಿ ಕಾಲಿಗೆ ಬೀಳ್ತಾಳಲ್ವಾ?" ಟೋಪಿಯವನು ನೆನಪಿಸಿದ.

"ಬಿದ್ದಳಾ?" ಹೆಂಡತಿ ಛತ್ರಿಯ ತುದಿಯನ್ನು ನೆಲಕ್ಕೆ ಕುಟ್ಟಿದಳು.

"ಇಲ್ಲ. ಅದು ನಾನು ಬಿಟ್ಟ ಬುರುಡೆ. ತಪ್ಪು ರಾಜಂದೇ. ತಪ್ಪಾಯ್ತು ಅನ್ನೋಕೆ ಅವನಿಗೆ ಬಾಯೇ ಬರಲಿಲ್ಲ. ಊರಿಗೆಲ್ಲ ಕೇಳೋ ಹಾಗೆ ಕೂಗೋ ಬಾಯಿ, ಅದೊಂದಕ್ಕೆ ಬರಲಿಲ್ಲ." ಅವನು ಗಂಟಲು ಸರಿಮಾಡಿಕೊಂಡ. "ತಪ್ಪಾಯ್ತು ಕಣೇ. ಬಾ, ಅರಮನೆ ತೋರಿಸ್ತೀನಿ."

ಈ ಸಲದ್ದು ತಾಳೆಮರಗಳಿಗೂ ಕೇಳಿಸಿತು. ಟಿಕೆಟ್ ಕೌಂಟರಿನವಳು ಏನಾಯಿತೋ ಎಂದು ಎದ್ದು ನಿಂತಳು. ಟೋಪಿಯವನು ಅವರಿಬ್ಬರನ್ನೂ ಒಮ್ಮೆ ನೋಡಿ, ಟೋಪಿ ತೆಗೆದು ಪಕ್ಕಕ್ಕೆ ಸರಿದ.

ಹೆಂಡತಿ ಬಿರುಕಿನ ಮೇಲೆ ಒಮ್ಮೆ ಬೆರಳಾಡಿಸಿ, ಬೆರಳಿಗೆ ಹತ್ತಿದ ಧೂಳನ್ನು ಅವನಿಗೆ ತೋರಿಸಿ, "ನಡೀರಿ ಮತ್ತೆ, ಮುಂದಿನ ಕೋಣೆ ಯಾವುದು?" ಎಂದಳು.

ಅವತ್ತು ಅವನು ದರ್ಬಾರು, ಸ್ನಾನದ ಮನೆ, ಪಲ್ಲಕ್ಕಿ ಇಡುವ ಜಾಗ, ಬಾವಲಿಗಳಿದ್ದ ಮಹಡಿ, ಒಂದನ್ನೂ ಬಿಡದೆ ತೋರಿಸಿದ. ಜೊತೆಗಿದ್ದ ನಲವತ್ತು ಜನರೂ ಕಾಲು ನೋವೆನ್ನುತ್ತಲೇ ಹಿಂದೆ ಬಂದರು. ನಾದಿನಿಯ ಪಟ್ಟಿಯಲ್ಲಿ ಉಳಿದದ್ದೆಲ್ಲ ಹಾಗೇ ಉಳಿಯಿತು.

ಸಂಜೆ ಬೀಗ ಹಾಕುವಾಗ ಮೈಕಾಸುರ ಬಾಗಿಲ ಬಳಿಯ ಅಭಿಪ್ರಾಯ ಪುಸ್ತಕ ತೆರೆದು ನೋಡಿದ. ಕೊನೆಯ ಸಾಲು ಪರಿಚಿತ ಅಕ್ಷರದಲ್ಲಿತ್ತು:

"ಅರಮನೆ ಚೆನ್ನಾಗಿದೆ. ಗೈಡು ಇಪ್ಪತ್ತೆಂಟು ವರ್ಷ ತಡವಾಗಿ ಬಂದರು."