ತಿರುವಿನ ಕರಡಿ

ಬೋರ್ಡ್ ಬರೆಯುವವನಿಗೆ ಮನುಷ್ಯರ ಮುಖ ಬರೆಯಲು ಬರುತ್ತಿರಲಿಲ್ಲ. ಒಮ್ಮೆ ಹೆಂಡತಿಯನ್ನು ಬರೆಯಹೋಗಿ ಮುಂಗುಸಿಯ ಹಾಗೆ ಮಾಡಿಟ್ಟಿದ್ದ. ಈಗ ಅವಳು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಅವನ ಉಗುರುಗಳನ್ನು ತಿಕ್ಕುತ್ತಿದ್ದಳು. ಕಪ್ಪು ಬಣ್ಣ ಬಿಡಲೊಲ್ಲದು.

"ಸಾಕು ಬಿಡೇ, ಚರ್ಮ ಕಿತ್ತುಬರುತ್ತೆ," ಅಂದಳು ಅವಳ ಅಕ್ಕ.

"ಅವರಿಗೇನು ನೋವಾಗಲ್ಲ," ಅಂದಳು, ತಿಕ್ಕುತ್ತಲೇ.

ಬಾಗಿಲಲ್ಲಿ ಹಾಲಿನ ಟ್ಯಾಂಕರಿನ ಚಾಲಕ ನಿಂತಿದ್ದ. ಠಾಣೆಯವರು ಅವನನ್ನು ಆ ಬೆಳಿಗ್ಗೆಯಷ್ಟೇ ಬಿಟ್ಟಿದ್ದರು. ಒಳಗೆ ಬಾ ಎಂದವರಿಲ್ಲ, ಹೋಗು ಎಂದವರೂ ಇಲ್ಲ.

"ಮೊನ್ನೆ ಬೆಳಿಗ್ಗೆ ಹೋಗ್ತಾ ನೋಡಿದ್ದೆ ಅಕ್ಕಾ. ಇವ್ರು ತಿರುವಿನ ಗೋಡೆ ಮೇಲೆ ಕೂತಿರೋ ಕರಡಿ ಬರೀತಿದ್ರು. ಸಂಜೆ ಬರೋವಾಗ ಅದೇ ಜಾಗದಲ್ಲಿ ಕಪ್ಪಗೆ ಏನೋ ಕೂತಿತ್ತು. ಚಿತ್ರ ಅಂದ್ಕೊಂಡು ಗಾಡೀನ ಗೋಡೆಗೆ ಒತ್ತಿ ತಿರುಗಿಸ್ಬಿಟ್ಟೆ."

ಗಂಡ ತೊಟ್ಟಿದ್ದದ್ದು ಕಪ್ಪು ಸ್ವೆಟರ್. ಹೆಣೆದವಳು ಅವಳೇ.

ಗಂಡನ ಅಣ್ಣ ಮೂಲೆಯಿಂದ ಎದ್ದು ಬಂದ. "ನನ್ನ ತಮ್ಮನ್ನ ತಿಂದಿದ್ದು ಇವನಲ್ಲ, ಆ ಚಿತ್ರಗಳು. ಬಿಳಿ ಬಣ್ಣದ ಡಬ್ಬಿ ಪುರಸಭೆ ವ್ಯಾನಲ್ಲಿ ಇಟ್ಟಿದೀನಿ. ಮಣ್ಣು ಮಾಡಿ ಬರ್ತಾ ಬಳಿದುಬಿಡೋಣ. ಏನಂತೀಯಮ್ಮಾ?"

"ಬಳೀರಿ ಭಾವ. ಒಂದೂ ಉಳೀಬಾರದು."

*

'ನಿಧಾನವಾಗಿ ಚಲಿಸಿ' ಎಂಬ ಬೋರ್ಡನ್ನು ಆ ತಿರುವಿಗೆ ಬರೆದವನೂ ಅವಳ ಗಂಡನೇ. ಹೋದ ವರ್ಷ ಅದರ ಬುಡದಲ್ಲೇ ಒಂದು ನರಿ ಸತ್ತ ದಿನ ಅವನು ತಟ್ಟೆಯ ಮುಂದೆ ಕಲ್ಲಿನಂತೆ ಕೂತಿದ್ದ.

"ನರಿ ಸತ್ತಿದ್ದಕ್ಕೆಲ್ಲ ಊಟ ಬಿಡ್ತಾರಾ?" ಎಂದು ಅವಳು ರೇಗಿದ್ದಳು.

"ಮೊದಲನೇ ಗಾಡಿಯವನಿಗೆ ಕಾಣ್ಲಿಲ್ಲ, ಹೋಗ್ಲಿ. ಹಿಂದೆ ಬಂದವರಿಗೆಲ್ಲ ಕಾಣ್ತಿತ್ತು ಕಣೇ. ಗೋಣಿ ತುಂಡಿನ ಮೇಲೆ ಹತ್ತಿಸೋ ಹಾಗೆ ಹತ್ತಿಸ್ಕೊಂಡು ಹೋದ್ರು."

"ನಿಮ್ಮ ಬೋರ್ಡಿತ್ತಲ್ಲ?"

"ಅಕ್ಷರಕ್ಕೆ ಕಣ್ಣಿರಲ್ವಲ್ಲ."

ಮರುದಿನ ತಿರುವಿನ ಮೋಟುಗೋಡೆಯ ಮೇಲೆ ಜೀವಗಾತ್ರದ ನರಿಯೊಂದು ನಿಂತು ಬರುವವರ ಮುಖವನ್ನೇ ನೋಡುತ್ತಿತ್ತು. ಕಣ್ಣಿಗೆ ದೀಪ ಬಿದ್ದರೆ ಹೊಳೆಯುವ ಬಣ್ಣ. ಚಾಲಕರು ಗಕ್ಕನೆ ಬ್ರೇಕ್ ಹಾಕಿದರು, ಅವನ ವಂಶವನ್ನೆಲ್ಲ ಜಾಲಾಡಿದರು. ಬರೀ ಚಿತ್ರವೆಂದು ಅಸಡ್ಡೆ ಹುಟ್ಟುವಷ್ಟರಲ್ಲಿ ಅವನು ನರಿಯನ್ನು ಅಳಿಸಿ ನಾಲ್ಕು ಮಾರು ಆಚೆ ಜಿಂಕೆ ಬರೆದಿರುತ್ತಿದ್ದ.

"ಯಾವುದು ನಿಜವೋ ಅಂತ ಅನುಮಾನ ಇರ್ಬೇಕು. ಆಗ ಅವರ ಕಾಲು ಬ್ರೇಕ್ ಮೇಲಿರುತ್ತೆ."

"ನಿಮ್ಮ ಕಾಲು ಮನೇಲಿದ್ರೆ ನನಗೆ ಸಾಕು," ಎಂದು ಅವಳು ಗೊಣಗುತ್ತಿದ್ದಳು.

*

ಮಣ್ಣು ಮಾಡಿ ಹೊರಟಾಗ ಕತ್ತಲು ಇಳಿಯುತ್ತಿತ್ತು. ಹೆಣ ಹೊತ್ತು ತಂದಿದ್ದ ಪುರಸಭೆಯ ವ್ಯಾನು ತಿರುವಿಗೆ ಬರುತ್ತಲೇ ತೆವಳತೊಡಗಿತು.

"ಯಾಕಯ್ಯಾ? ಚಿತ್ರ ಅಂತ ಗೊತ್ತಿಲ್ವಾ?" ಅಂದ ಭಾವ.

"ನನಗೆ ಗೊತ್ತು ಯಜಮಾನ್ರೇ, ಕಾಲಿಗೆ ಗೊತ್ತಿಲ್ಲ," ಅಂದ ವ್ಯಾನಿನವನು. ಹಿಂದೆ ಬರುತ್ತಿದ್ದ ಲಾರಿಯೂ ನಿಧಾನವಾಯಿತು.

ಭಾವ ಇಳಿದು ಡಬ್ಬಿಯ ಮುಚ್ಚಳ ತೆಗೆದು, ಕುಂಚವನ್ನು ಅವಳ ಕೈಗೆ ಕೊಟ್ಟ. "ಮೊದಲು ನೀನು."

ಗೋಡೆಯ ಮೇಲೆ ಅರ್ಧ ಮುಗಿದ ಕರಡಿ. ಕಣ್ಣಿನ್ನೂ ಬಂದಿರಲಿಲ್ಲ. ಪಕ್ಕದಲ್ಲಿ ಟ್ಯಾಂಕರ್ ಕೆರೆದ ಗುರುತು. ಅವಳು ಕುಂಚ ಅದ್ದಿದಳು. ಎತ್ತಿದ ಕೈ ಹಾಗೇ ನಿಂತಿತು. ಬಿಳಿ ಬಣ್ಣ ಚಪ್ಪಲಿಯ ಮೇಲೆ ತೊಟ್ಟಿಕ್ಕಿತು.

"ರಸ್ತೇಲಿ ಸತ್ತ ಪ್ರಾಣಿಗಳನ್ನ ಎತ್ತೋನೂ ನೀನೇ ಅಲ್ವೇನಪ್ಪಾ?" ಎಂದು ವ್ಯಾನಿನವನನ್ನು ಕೇಳಿದಳು.

"ನಾನೇ ಅಕ್ಕಾ. ಮೊದಲು ಈ ತಿರುವಿಗೇ ವಾರ ವಾರ ಬರ್ಬೇಕಿತ್ತು. ಮೂಗು ಮುಚ್ಕೊಂಡು ತುಂಬ್ತಿದ್ದೆ."

"ಈ ವರ್ಷ?"

ಅವನು ಬೆರಳು ಮಡಿಸತೊಡಗಿದ. ಮೂರು ಮಡಿಸಿ, ಅವಳ ಮುಖ ನೋಡಿ, ಅಲ್ಲಿಗೇ ನಿಲ್ಲಿಸಿದ.

"ಇನ್ನೊಂದನ್ನೂ ಮಡಿಸು," ಅಂದಳು.

ಅವನು ಮಡಿಸಿದ. ಅವಳು ಕುಂಚವನ್ನು ಭಾವನ ಕೈಗೆ ಮರಳಿಸಿ, ಮುಚ್ಚಳವನ್ನು ಎರಡೂ ಹೆಬ್ಬೆರಳುಗಳಿಂದ ಒತ್ತಿ ಕೂರಿಸಿದಳು. ಕರಡಿಯ ಕಪ್ಪು ಅವಳ ಉಗುರುಗಳ ಸಂದಿಗೂ ಸೇರಿತ್ತು.

ಎರಡು ಮೊಲ, ಒಂದು ಮುಂಗುಸಿ, ಒಬ್ಬ ಮನುಷ್ಯ.