ಗೋಡೆಯ ಮೇಲಿನ ಎಡಗೈ

ತಾಯಿಯ ಗರ್ಭದ ಕತ್ತಲಲ್ಲಿ ಎಲುಬಿಗೆ ಎಲುಬನ್ನು ಜೋಡಿಸಿ, ನರಗಳಿಂದ ಬಿಗಿದು, ಚರ್ಮವನ್ನು ಹೊದಿಸಿದ ಪರಮಪಿತನೇ, ಹಾರುವ ಕಾಲನ್ನು ಕೊಟ್ಟವನೂ ನೀನೇ, ಅದು ಮರಳಿ ಊರುವ ನೆಲವನ್ನು ಕೊಟ್ಟವನೂ ನೀನೇ. ಈ ಕಥೆಯನ್ನು ಹೇಳುವ ನಾಲಿಗೆ ಎಡವದಂತೆ ಕಾಯಿ.

ನೆವೇಜಿಸ್ ನದಿಯ ದಡದ ಒಂದು ಊರಿನ ಬಾಸ್ಕೆಟ್‌ಬಾಲ್ ತಂಡಕ್ಕೆ ಒಂದು ವ್ರತವಿತ್ತು. ಮರಿಯಮ್ಮನವರ ಸ್ವರ್ಗಾರೋಹಣದ ಹಬ್ಬ ಕಳೆದ ಮರುದಿನ ಅಭ್ಯಾಸ ಆರಂಭ. ಅಂದು ಪ್ರತಿಯೊಬ್ಬ ಆಟಗಾರನೂ ಅಂಗೈಗೆ ನೀಲಿ ಬಣ್ಣ ಬಳಿದುಕೊಂಡು, ಮೂರು ಹೆಜ್ಜೆ ಓಡಿ, ಹಾರಿ, ಬಿಳಿಗೋಡೆಯ ಮೇಲೆ ಎಟುಕಿದಷ್ಟು ಎತ್ತರಕ್ಕೆ ಹಸ್ತವನ್ನೊತ್ತಬೇಕು. ಪಕ್ಕದಲ್ಲಿ ಇಸವಿಯನ್ನು ಬರೆಯುವವನು ಜೆನೋನಸ್, ಆಟಗಾರರ ಕಾಲಿಗೆ ಪಟ್ಟಿ ಸುತ್ತುತ್ತಲೇ ಮುದುಕನಾದವನು.

ಆ ಗೋಡೆಯಲ್ಲಿ ತಂಡದ ಹಳೆಯ ಆಟಗಾರ ವೈದೋತಸನ ಹಸ್ತಗಳು ಒಂಬತ್ತು. ಮೊದಲನೆಯದು ಎಲ್ಲಕ್ಕಿಂತ ಮೇಲೆ. ನಡುವೆ ಎರಡು ವರ್ಷಗಳ ಜಾಗ ಖಾಲಿ. ಎಡಮಂಡಿಯನ್ನು ಮೂರು ಸಲ ಕೊಯ್ದು ಹೊಲಿದ ಕಾಲವದು. ನಾಲ್ಕನೆಯ ಸಲ ಹರಿದರೆ ದೇವಾಲಯದಲ್ಲಿ ಮಂಡಿಯೂರುವ ಆಸೆಯನ್ನೂ ಬಿಡಬೇಕೆಂದು ಶಸ್ತ್ರವೈದ್ಯರು ಹೇಳಿಯಾಗಿತ್ತು. ಆದರೂ ಈ ವರ್ಷ ವೈದೋತಸ್ ಎರಡು ವಾರ ಮಂಜುಗಡ್ಡೆಯೊತ್ತಿ, ಬೆಳಿಗ್ಗೆ ನೋವಿನ ಮಾತ್ರೆಗಳನ್ನು ನುಂಗಿ, ತಂಡದ ಹೊಸ ವೈದ್ಯೆಯ ಪರೀಕ್ಷೆಯನ್ನು ದಾಟಿದ್ದನು. ಇನ್ನುಳಿದದ್ದು ಗೋಡೆ, ಆಮೇಲೆ ಒಪ್ಪಂದಕ್ಕೊಂದು ಸಹಿ.

ಅವನು ಓಡಿದನು, ಹಾರಿದನು, ಒತ್ತಿದನು. ಹೋದ ವರ್ಷದ ಗುರುತಿನಷ್ಟೇ ಎತ್ತರ. ಗೆಳೆಯರು ಚಪ್ಪಾಳೆ ತಟ್ಟಿ, ಬೀಟ್‌ರೂಟಿನ ತಣ್ಣನೆಯ ಸೂಪು ಕುಡಿಯಲು ಹೊರಟರು.

ಜೆನೋನಸ್ ಏಣಿ ಹತ್ತಿದನು. ಇಸವಿಯ ಎರಡಂಕಿ ಬರೆದು ಕುಂಚವನ್ನು ತಡೆದನು.

"ಏನೋ ಮಗಾ, ಈ ವರ್ಷ ಹೆಬ್ಬೆರಳು ಬಲಗಡೆಗೆ ಬಂದ್ಬಿಟ್ಟಿದೆ?"

ಗೋಡೆಯಲ್ಲಿದ್ದ ಅವನ ಹಳೆಯ ಹಸ್ತಗಳೆಲ್ಲವೂ ಬಲಗೈಯವು. ಇದೊಂದು ಎಡಗೈ.

"ಸುಮ್ನೆ ಮಾವ, ಬದಲಾವಣೆ ಇರ್ಲಿ ಅಂತ."

"ಹನ್ನೊಂದು ವರ್ಷ ನಿನ್ನ ಕಾಲಿಗೆ ಪಟ್ಟಿ ಸುತ್ತಿದೀನಿ, ನನಗೇ ಕಥೆ ಹೇಳ್ತೀಯಾ? ಎಡಗಾಲಲ್ಲಿ ಹಾರಿದ್ರೆ ಬಲಗೈ ಮೇಲೆ ಹೋಗುತ್ತೆ. ನೀನು ಬಲಗಾಲಲ್ಲಿ ಹಾರಿದೀಯ. ಎಡಗಾಲಿನ ಮೇಲೆ ನಿನಗೇ ನಂಬಿಕೆ ಇಲ್ಲ."

ವೈದೋತಸ್ ತಲೆ ತಗ್ಗಿಸಿದನು. ಜಗತ್ತನ್ನೇ ವಂಚಿಸಿದ ಮಂಡಿ, ತನ್ನದೇ ಅಂಗೈಯಿಂದ ಸಿಕ್ಕಿಬಿದ್ದಿತ್ತು.

"ರೊಲಾಂಡಸ್‌ಗೆ ಹೇಳ್ತೀರಾ?" ರೊಲಾಂಡಸ್ ತಂಡದ ತರಬೇತುದಾರ.

"ನಾನು ಪಟ್ಟಿ ಸುತ್ತೋನು ಕಣೋ, ಚಾಡಿ ಹೇಳೋನಲ್ಲ."

"ಇದೊಂದು ವರ್ಷ ಮಾವ. ಆಡದೇ ಇದ್ರೆ ನಾನು ಯಾರು ಹೇಳಿ? ಸಂತೆಗೆ ಹೋದ್ರೂ ಜನ ಮೊದ್ಲು ಕೇಳೋದು ಮಂಡಿ ವಿಚಾರ."

"ಹೌದಪ್ಪ. ಸೌತೆಕಾಯಿ ಮಾರೋ ಓನಾ ಕೂಡ ನಿನ್ನ ಮಂಡಿ ಹೇಗಿದೆ ಅಂತಾಳೆ. ನಲವತ್ತು ವರ್ಷದಿಂದ ನನ್ನ ಸೊಂಟ ನೋಯ್ತಿದೆ, ಒಂದಿನ ಕೇಳಿಲ್ಲ." ಮುದುಕ ಏಣಿಯಿಳಿದು ಪಟ್ಟಿಯ ಸುರುಳಿಯನ್ನು ಕೈಗೆತ್ತಿಕೊಂಡನು. "ಕೂತ್ಕೋ. ಸುತ್ತಿಕೊಡ್ತೀನಿ. ಎಡಗಾಲಲ್ಲಿ ಒಂದ್ಸಲ ಹಾರು. ಹಾರಿದ್ರೆ, ನಾನು ಏನೂ ನೋಡಿಲ್ಲ."

ಎಂದಿನಂತೆ ಹಿಮ್ಮಡಿಯಿಂದಲ್ಲ, ಮೀನಖಂಡದಿಂದ ತೊಡೆಯವರೆಗೆ, ಶಿಲುಬೆಯಾಕಾರದಲ್ಲಿ, ಎಳೆಗೂಸಿಗೆ ಬಟ್ಟೆ ಸುತ್ತುವಂತೆ ಸುತ್ತಿದನು. ವೈದೋತಸ್ ಎದ್ದನು. ಒಂದು ಹೆಜ್ಜೆ. ಎರಡು. ಮೂರನೆಯದರಲ್ಲಿ ಎಡಗಾಲು ನೆಲವನ್ನು ಒದೆಯಬೇಕು. ಅಷ್ಟರಲ್ಲಿ, ಅವನನ್ನು ಕೇಳದೆಯೇ ದೇಹವು ಹೆಜ್ಜೆ ಬದಲಿಸಿತು. ಅವನು ಗೋಡೆಗೆ ಎರಡೂ ಕೈಯೂರಿ ನಿಂತುಬಿಟ್ಟನು. ಮನಸ್ಸು ಒಪ್ಪದಿದ್ದುದನ್ನು ಕಾಲು ಎಂದೋ ಒಪ್ಪಿಯಾಗಿತ್ತು.

ಮುದುಕ ಬಣ್ಣದ ಡಬ್ಬಿಯನ್ನು ಅವನ ಕಾಲ ಬಳಿಗೆ ಸರಿಸಿದನಷ್ಟೆ.

ಆಗ ರೊಲಾಂಡಸ್ ಒಪ್ಪಂದದ ಕಾಗದ ಹಿಡಿದು ಬಾಗಿಲಲ್ಲಿ ತಲೆಹಾಕಿದನು. "ತಣ್ಣನೆ ಸೂಪು ಬಿಸಿಯಾಗೋ ಮುಂಚೆ ಬನ್ರಪ್ಪಾ. ಸಹಿಯೊಂದು ಹಾಕ್ಬಿಡು ವೈದೋತಸ್."

ವೈದೋತಸ್ ಬಲಗೈಯನ್ನು ಬಣ್ಣದಲ್ಲಿ ಅದ್ದಿದನು. ಓಡಲಿಲ್ಲ, ಹಾರಲಿಲ್ಲ. ಎರಡೂ ಪಾದಗಳನ್ನು ನೆಲಕ್ಕೂರಿ, ನಿಂತಲ್ಲಿಂದಲೇ ತೋಳನ್ನು ಚಾಚಿ, ಎಟುಕಿದಲ್ಲಿಗೆ ಅಂಗೈಯನ್ನೊತ್ತಿ, ಒಂದು ಗಳಿಗೆ ಹಾಗೆಯೇ ಹಿಡಿದನು.

"ಇಸವಿನ ಇಲ್ಲಿ ಬರೀರಿ ಮಾವ. ಮೇಲಿಂದು ಸುಳ್ಳು."

ರೊಲಾಂಡಸ್ ಎರಡು ಗುರುತುಗಳನ್ನೂ, ಪಟ್ಟಿ ಸುತ್ತಿದ ಕಾಲನ್ನೂ ನೋಡಿದನು. ಕಾಗದವನ್ನು ಮಡಚಿ ಜೇಬಿಗಿಟ್ಟನು. ಆಮೇಲೆ ಅಂದನು: "ನಿಂತಲ್ಲೇ ಇಷ್ಟೆತ್ತರನಾ? ನಮ್ಮ ಹೊಸಬರು ಕೆಲವರು ಹಾರಿದ್ರೂ ಇಷ್ಟು ಬರಲ್ಲ."

ವೈದೋತಸ್ ನಕ್ಕನು, ಕಣ್ಣು ಮಾತ್ರ ನಗಲಿಲ್ಲ. ಜೆನೋನಸ್ ಕೆಳಗಿನ ಹಸ್ತದ ಪಕ್ಕದಲ್ಲಿ ಇಸವಿಯನ್ನು ಪೂರ್ತಿ ಬರೆದು, ಅವನನ್ನು ಬೆಂಚಿನ ಮೇಲೆ ಕೂರಿಸಿ, ಸುತ್ತಿದ ಪಟ್ಟಿಯನ್ನು ಕೂದಲೆಳೆಯೂ ನೋಯದಂತೆ ನಿಧಾನವಾಗಿ ಬಿಚ್ಚಿದನು.

ಕೇಳಿದವರೆಲ್ಲರ ಕೀಲುಗಳನ್ನು ದೇವರು ಕಾಯಲಿ. ಹಾರುವವರಿಗೆ ಬಲವನ್ನೂ, ನಿಲ್ಲಬೇಕಾದವರಿಗೆ ನೆಮ್ಮದಿಯನ್ನೂ, ಮಂಡಿಯೂರಿದವರಿಗೆ ಮತ್ತೆ ಏಳುವ ಶಕ್ತಿಯನ್ನೂ ಅವನು ದಯಪಾಲಿಸಲಿ.