ಬೀಟೆಯ ಉಯ್ಯಾಲೆ

“ಏಯ್, ತಿಕ ಎತ್ತು! ಮೊದಲು ತಿಕ ಎತ್ತು ಅಲ್ಲಿಂದ!”

ಗಣಪತಿ ಉಯ್ಯಾಲೆಯಿಂದ ಧಡಕ್ಕನೆ ಎದ್ದ. ಎದ್ದ ರಭಸಕ್ಕೆ ಕೆಮ್ಮು ಬಂತು. ಕೆಮ್ಮಿದರೆ ಸಾಹೇಬರು ಇನ್ನೂ ಸಿಟ್ಟಾಗುತ್ತಾರೆಂದು ಟವೆಲ್ಲನ್ನು ಬಾಯಿಗೆ ತುರುಕಿಕೊಂಡು ಗೋಡೆಗೆ ಮುಖಮಾಡಿ ನಿಂತ.

ಬೈದವರು ಸುಬ್ರಹ್ಮಣ್ಯ. ಕೊಯಾಲಿಯ ತೈಲ ಶುದ್ಧೀಕರಣ ಕಾರ್ಖಾನೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾಗಿ ಹತ್ತಿರದ ಮಂಜಲ್‌ಪುರದಲ್ಲಿ ಈ ಫ್ಲ್ಯಾಟ್ ಕೊಂಡಿದ್ದರು.

“ಟೆಸ್ಟ್ ತೋ ಕರನಾ ಪಡೇಗಾ, ಸಾಹೇಬ್,” ಎಂದ ಮರದ ಕಾರ್ಖಾನೆಯ ಮಾಲೀಕ ಜಯಂತಿಭಾಯ್. ಹೊಸ ಉಯ್ಯಾಲೆ ತೂಗುಹಾಕಿದ ಮೇಲೆ ಕೂಲಿಗಳು ಅದರಲ್ಲಿ ಕೂತು ಜೋರಾಗಿ ಜೀಕಿ, ಛಾವಣಿಯ ಕೊಕ್ಕೆ ತಡೆಯುತ್ತದೆಯೇ ನೋಡುವುದು ಅವನ ರೂಢಿ. ಕೊಕ್ಕೆ ಕಿತ್ತು ಬಂದರೆ ಮುರಿಯುವುದು ಕೂಲಿಯ ಸೊಂಟ.

“ಮೊದಲು ನಾವಿಬ್ರು ಕೂರ್ಬೇಕು ಅಂತಿತ್ತಲ್ರೀ,” ಎಂದರು ಸುಬ್ರಹ್ಮಣ್ಯರ ಹೆಂಡತಿ ಪದ್ಮಾ. “ಸಂಜೆ ಪೂಜೆ ಬೇರೆ ಇದೆ, ನೀವು ಸ್ನಾನ ಮಾಡಿ ಮಡಿ ಉಟ್ಟಾಗಿದೆ.”

“ಹಾಗಾದ್ರೆ ನೀನೇ ಕೂತು ಟೆಸ್ಟ್ ಮಾಡು.”

ಪದ್ಮಾ ತಲೆಯೆತ್ತಿ ಕೊಕ್ಕೆ ನೋಡಿದರು. ಒಳಗೆ ಹೋಗಿ, ಹೊಸ ಹಾಸಿಗೆಗೆ ಸುತ್ತಿಕೊಂಡು ಬಂದಿದ್ದ ಪ್ಲಾಸ್ಟಿಕ್ ಹಾಳೆ ತಂದು ಹಲಗೆಯ ಮೇಲೆ ಹಾಸಿದರು.

“ಈಗ ಕೂತ್ಕೊಳ್ಳಿ. ಮರಕ್ಕೆ ಮೈ ತಾಗಿಸ್ಬೇಡಿ.”

ಗಣಪತಿಯ ಹೆಂಡತಿ ಗೌರಮ್ಮನೂ ಅದೇ ಕಾರ್ಖಾನೆಯ ಕೂಲಿ. ಈ ಹಲಗೆಗೆ ಸ್ಯಾಂಡ್‌ಪೇಪರ್ ಉಜ್ಜಿ ಉಜ್ಜಿ ಬೀಟೆಯ ಪುಡಿ ಗಂಡನ ಎದೆ ಸೇರಿತ್ತು. ಕಣ್ಣು ಊದಿ ಉಸಿರು ಸಿಳ್ಳೆ ಹಾಕುತ್ತಿತ್ತು. ಕೆಮ್ಮುವವನು ಬೇಡ, ನಾಳೆ ಶೆಡ್ಡಿನ ಖೋಲಿ ಬಿಡಿ ಎಂದಿದ್ದ ಜಯಂತಿಭಾಯ್. ಉಧ್ನಾದ ಸೀರೆ ಕಾರ್ಖಾನೆ ಮುಚ್ಚಿದ ಮೇಲೆ ಇಲ್ಲಿಗೆ ಬಂದವರಿಗೆ ಬೇರೆ ಸೂರಿರಲಿಲ್ಲ. ಸಾಹೇಬರು ಕನ್ನಡದವರೆಂದು ತಿಳಿದಾಗ ಗೌರಮ್ಮನಿಗೆ ಹೋದ ಜೀವ ಬಂದಂತಾಗಿ, ಬೆಳಿಗ್ಗೆಯೇ ಕೈ ಮುಗಿದಿದ್ದಳು.

“ನಮ್ಮ ಕಡ್ಯಾವ್ರ ಅದೀರಿ. ಆ ಶೇಟಗ ಒಂದ ಮಾತ ಹೇಳ್ರಿ ಯಪ್ಪಾ. ಇವ್ರಿಗಿ ಆರಾಮ ಆಗೂತನಾ ಖೋಲ್ಯಾಗ ಇರಾಕ ಬಿಡ್ಲಿ.”

“ಯಾವೂರು?”

“ಯಾದಗಿರಿ ಕಡೀರಿ.”

“ಯಾವ ಜನ?”

“ಊರ ಹೊರಗಿನವ್ರ ಅದೀವ್ರಿ.”

“ಓ. ನೋಡೋಣ, ಕೆಲಸ ಮುಗೀಲಿ,” ಎಂದಿದ್ದರು.

ಈಗ ಗಣಪತಿ, ಗೌರಮ್ಮ ಇಬ್ಬರೂ ಪ್ಲಾಸ್ಟಿಕ್ಕಿನ ಮೇಲೆ ಕೂತು ಜೀಕಿದರು. ಅದು ಬೆವರಿಗೆ ಅಂಟಿ ಚರಚರ ಎನ್ನುತ್ತಿತ್ತು. ಸುಬ್ರಹ್ಮಣ್ಯ ಸಂಜೆ ಬರಲಿದ್ದ ಯಾರೊಂದಿಗೋ ಫೋನಿನಲ್ಲಿದ್ದರು.

“ಒರಿಜಿನಲ್ ಬೀಟೆ ಕಣ್ರೀ. ಅಹಮದಾಬಾದಲ್ಲಿ ಹಳೇ ಮನೆ ಕೆಡವಿದಾಗ ಸಿಕ್ಕ ತೊಲೆ. ಈಗ ಕಾಡಲ್ಲೇ ಉಳಿದಿಲ್ಲ, ನಿರ್ವಂಶ ಆಗ್ತಿರೋ ಮರ. ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ.”

“ಕೇಳಿದೇನ?” ಗಣಪತಿ ಪಿಸುಗುಟ್ಟಿದ. “ಮರಾ ಸಾಯಾಕತ್ತಾವಂತ ಸಾಹೇಬ್ರಿಗಿ ಸಂಕಟ ಆಗೇತಿ.”

“ಸುಮ್ಮ ಜೀಕೋ ಭಾಡ್ಯಾ. ನಗಬ್ಯಾಡ, ಮತ್ತ ಕೆಮ್ಮ ಬರ್ತೈತಿ.”

ಕೊಕ್ಕೆ ಗಟ್ಟಿಯಾಗಿತ್ತು. ಜಯಂತಿಭಾಯ್ ಹೆಬ್ಬೆರಳೆತ್ತಿದ. ಸುಬ್ರಹ್ಮಣ್ಯ ಅವನನ್ನು ಬಾಗಿಲ ಬಳಿ ಕರೆದು ಹಿಂದಿಯಲ್ಲಿ ಹೇಳಿದರು: ಇಂಥ ರೋಗಿಯನ್ನು ಶೆಡ್ಡಿನಲ್ಲಿ ಯಾಕೆ ಇಟ್ಟುಕೊಂಡಿದ್ದೀಯ, ನಾಳೆಯವರೆಗೆ ಯಾಕೆ, ಇವತ್ತೇ ಓಡಿಸು. ಜಯಂತಿಭಾಯ್ ತಲೆಯಾಡಿಸಿ, ಉಯ್ಯಾಲೆ ತಂದಿದ್ದ ಟೆಂಪೊ ತಿರುಗಿಸಲು ಕೆಳಗಿಳಿದ.

ಉಧ್ನಾದಲ್ಲಿ ವರ್ಷಗಟ್ಟಲೆ ದುಡಿದ ಗೌರಮ್ಮನಿಗೆ ಹಿಂದಿಯ ಒಂದೊಂದು ಮಾತೂ ತಿಳಿಯುತ್ತಿತ್ತು.

“ಆಯ್ತಲ್ಲ, ಇಳೀರಿ,” ಎಂದರು ಸುಬ್ರಹ್ಮಣ್ಯ.

ಗಣಪತಿ ಇಳಿಯಹೋದ. ಗೌರಮ್ಮ ಅವನ ಅಂಗಿ ಹಿಡಿದು ಕೂರಿಸಿದಳು. ತುಸು ಎದ್ದು, ಇಬ್ಬರ ಅಡಿಯಿಂದಲೂ ಪ್ಲಾಸ್ಟಿಕ್ ಎಳೆದು ನೆಲಕ್ಕೆ ಬಿಟ್ಟಳು. ಮತ್ತೆ ಕೂತಳು. ಮರ ತಣ್ಣಗಿತ್ತು.

“ಏನೇ ಇದು? ಏಳೇ, ಬೋಸುಡಿ! ಪೂಜೆ ಇದೆ ಅಂತ ಗೊತ್ತಿಲ್ವಾ!” ಸುಬ್ರಹ್ಮಣ್ಯ ಕೂಗಿದರು.

“ದಣದೀವ್ರಿ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. “ಎಬ್ಬಸೂದಾದ್ರ ನೀವ ಎಬ್ಬಸ್ರಿ. ರಟ್ಟಿ ಹಿಡದ ಎಬ್ಬಸ್ರಿ.”

ಸುಬ್ರಹ್ಮಣ್ಯ ನುಗ್ಗಿ ಬಂದು ಕೈ ಚಾಚಿದರು.

“ಮುಟ್ಬೇಡ್ರೀ!” ಪದ್ಮಾ ಚೀರಿದರು. “ಮಡೀಲಿದ್ದೀರ!”

ಕೈ ಗೌರಮ್ಮನ ತೋಳಿನಿಂದ ಗೇಣಳತೆಯಲ್ಲಿ ನಿಂತಿತು. ಅವಳು ಆ ಕೈಯನ್ನೇ ನೋಡಿದಳು, ಕಾದಳು. ಗಣಪತಿ ಸರಪಳಿಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದ.

ಗೌರಮ್ಮ ಕಾಲಿನಿಂದ ನೆಲ ಒತ್ತಿದಳು. ಉಯ್ಯಾಲೆ ಮುಂದೆ ಬಂದಾಗಲೆಲ್ಲ ಸುಬ್ರಹ್ಮಣ್ಯ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು.